ಕಣ್ಣಿನ ಪೊರೆ

ವಯಸ್ಸಾದವರ ದೃಷ್ಟಿ ಮಂಜಾಗಿ, ಕಣ್ಣಿನ ಪಾಪೆಯಲ್ಲಿ ಬೂದುಬಿಳುಪು ಕಾಣಿಸಿಕೊಂಡರೆ 'ಪೊರೆ ಬಂದಿದೆ' ಎಂದು ನಾವು ಹೇಳುತ್ತೇವೆ. ಈ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಣ್ಣಿನ ಮೇಲೆ ಕಟ್ಟುವ ಪದರವು ಇದಲ್ಲ. ಪಾಪೆಯ ಹಿಂದಿರುವ ಮಸೂರವೇ ತನ್ನ ಪಾರದರ್ಶಕತೆಯನ್ನು ಕಳೆದುಕೊಂಡ ಸ್ಥಿತಿ.

ಮಸೂರವು ಪಾರದರ್ಶಕವಾಗಿರುವುದಾದರೂ ಹೇಗೆ? ಅದರಲ್ಲಿ ರಕ್ತನಾಳಗಳಿಲ್ಲ. ಎಳೆಗಳಂತಿರುವ ಅದರ ಜೀವಕೋಶಗಳು ಬಲಿತಾಗ ತಮ್ಮ ಕೋಶಕೇಂದ್ರಗಳನ್ನೂ ಕಳೆದುಕೊಳ್ಳುತ್ತವೆ. ಅವುಗಳೊಳಗೆ ಕ್ರಿಸ್ಟಲಿನ್ ಎಂಬ ಪ್ರೋಟೀನುಗಳು ಒತ್ತಾಗಿಯೂ ಸಮವಾಗಿಯೂ ತುಂಬಿರುವುದರಿಂದ ಬೆಳಕು ಚೆದರದೆ ಸಾಗುತ್ತದೆ. ಆದರೆ ಕೋಶಕೇಂದ್ರವಿಲ್ಲದ ಎಳೆಯು ಹೊಸ ಪ್ರೋಟೀನನ್ನು ತಯಾರಿಸಲಾರದು. ಮಸೂರದ ನಡುಭಾಗದಲ್ಲಿ, ನಾವು ಹುಟ್ಟುವ ಮೊದಲೇ ರೂಪುಗೊಂಡ ಪ್ರೋಟೀನುಗಳೇ ಮುಪ್ಪಿನವರೆಗೂ ಉಳಿದಿರುತ್ತವೆ. ಕಾಲಕ್ರಮದಲ್ಲಿ ಇವು ಕೆಟ್ಟು, ಒಂದಕ್ಕೊಂದು ಅಂಟಿ ಗಂಟುಗಟ್ಟಿ, ಬೆಳಕನ್ನು ಚೆದರಿಸತೊಡಗುತ್ತವೆ. ಬೇಯಿಸಿದ ಮೊಟ್ಟೆಯ ಲೋಳೆ ಬೆಳ್ಳಗಾಗುವುದೂ ಪ್ರೋಟೀನು ಹೀಗೆ ಗಂಟುಗಟ್ಟುವುದರಿಂದಲೇ. ಸಕ್ಕರೆ ಕಾಯಿಲೆ, ಧೂಮಪಾನ, ಅತಿನೇರಳೆ ಕಿರಣ, ಕಣ್ಣಿಗೆ ಬಿದ್ದ ಪೆಟ್ಟು, ಸ್ಟೀರಾಯ್ಡ್ ಔಷಧಗಳ ದೀರ್ಘಕಾಲದ ಬಳಕೆ ಇವೆಲ್ಲ ಪೊರೆಯನ್ನು ಬೇಗನೆ ತರಬಲ್ಲವು.

ಬೆಂದ ಲೋಳೆ ಮತ್ತೆ ತಿಳಿಯಾಗದು. ಅಂತೆಯೇ, ಪೊರೆಯನ್ನು ಕರಗಿಸುವುದೆಂದು ಸಿದ್ಧವಾದ ಕಣ್ಣಿನ ಹನಿಮದ್ದು ಇಂದಿಗೂ ಇಲ್ಲ. ಉಳಿದಿರುವ ದಾರಿ ಮಸೂರವನ್ನು ತೆಗೆಯುವುದೇ. ೧೭೪೭ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಇಂಥ ಶಸ್ತ್ರಕ್ರಿಯೆಯನ್ನು ಮಾಡಿದನು. ಆದರೆ ಮಸೂರವಿಲ್ಲದ ಕಣ್ಣಿಗೆ ಸುಮಾರು ೧೦ ಡಯಾಪ್ಟರ್ ಶಕ್ತಿಯ ದಪ್ಪ ಕನ್ನಡಕ ಬೇಕಾಗುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ, ಯುದ್ಧವಿಮಾನಗಳ ಮುಚ್ಚಿಗೆಗೆ ಬಳಸುತ್ತಿದ್ದ ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಚೂರುಗಳು ಕೆಲವು ಚಾಲಕರ ಕಣ್ಣಿನೊಳಗೆ ಸಿಡಿದು ನೆಟ್ಟಿದ್ದವು. ಅವುಗಳಿಂದ ಕಣ್ಣು ಕೆರಳದಿರುವುದನ್ನು ಹೆರಾಲ್ಡ್ ರಿಡ್ಲಿ ಗಮನಿಸಿದನು. ೧೯೪೯ರ ನವೆಂಬರ್ ೨೯ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿನೊಳಗೆ ಇಟ್ಟನು. ಆ ಮಸೂರದ ಶಕ್ತಿ ಮಿತಿಮೀರಿದ್ದುದರಿಂದ ತೀವ್ರ ಸಮೀಪದೃಷ್ಟಿ ಉಂಟಾಯಿತು. ಇಂದು ಕಣ್ಣಿನ ಉದ್ದವನ್ನೂ ಕಾರ್ನಿಯಾದ ಬಾಗನ್ನೂ ಅಳೆದು, ಬೇಕಾದ ಶಕ್ತಿಯನ್ನು ಮೊದಲೇ ಲೆಕ್ಕಹಾಕುತ್ತಾರೆ. ತರಗತಿಯಲ್ಲಿ ನಾವು ಕಲಿಯುವ ಮಸೂರದ ಸೂತ್ರಗಳಿಗೆ ಇದಕ್ಕಿಂತ ಸಾರ್ಥಕವಾದ ಉಪಯೋಗ ಬೇಕೆ?

೧೯೬೭ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಶ್ರವಣಾತೀತ ಕಂಪನಗಳಿಂದ ಮಸೂರವನ್ನು ನುಚ್ಚುಮಾಡಿ ಹೀರಿ ತೆಗೆಯುವ ವಿಧಾನವನ್ನು ರೂಪಿಸಿದನು. ಈಗ ೨–೩ ಮಿಲಿಮೀಟರಿನ ಸೀಳು ಸಾಕು. ಮಡಚಿದ ಕೃತಕ ಮಸೂರವು ಅದರೊಳಗೆ ನುಸುಳಿ ಬಿಚ್ಚಿಕೊಳ್ಳುತ್ತದೆ.

ಮನೆಯ ಹಿರಿಯರು 'ಪೊರೆ ಇನ್ನೂ ಬಲಿಯಲಿ' ಎಂದು ಕಾಯುತ್ತಿದ್ದರೆ, ಆ ನಿಯಮವು ಹಿಂದಿನ ಶಸ್ತ್ರಕ್ರಿಯೆಗೆ ಸೇರಿದುದೆಂದು ನಾವು ತಿಳಿಸಬೇಕು. ಬಲಿತಷ್ಟೂ ಮಸೂರವು ಗಡುಸಾಗಿ ವೈದ್ಯರ ಕೆಲಸ ಕಠಿಣವಾಗುತ್ತದೆ. ದಿನದ ಕೆಲಸಗಳಿಗೆ ಅಡ್ಡಿಯಾದಾಗಲೇ ಅವರನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ಯುವುದು ಲೇಸು.