ವಿಜ್ಞಾನಿಯ ಕೈಯಲ್ಲಿ ವಾದ್ಯ: ಕೆಲವು ತಪ್ಪು ಕಲ್ಪನೆಗಳು

ವಿಜ್ಞಾನವನ್ನು ವೃತ್ತಿಯಾಗಿ ಹಿಡಿದವನು ಸಂಗೀತದಲ್ಲಿಯೂ ಗಾಢವಾದ ಆಸಕ್ತಿಯನ್ನು ತಳೆದನೆಂದರೆ, ಎರಡು ದೋಣಿಗಳ ಮೇಲೆ ಕಾಲಿಟ್ಟವನಂತೆ ಯಾವ ದಡವನ್ನೂ ಸೇರಲಾರನೆಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲದಿಂದ ಇದೆ. ಈ ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ರಷ್ಯದ ಅಲೆಕ್ಸಾಂಡರ್ ಬೊರೊಡಿನನ (1833–1887) ಜೀವಿತಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ಆತನಿಗೆ ರಸಾಯನಶಾಸ್ತ್ರವು ಹೊಟ್ಟೆಪಾಡಿನ ನೆಪಮಾತ್ರವಾಗಿದ್ದಿತೆಂದು ಸಂಗೀತರಸಿಕರು ಭಾವಿಸುವುದುಂಟು. ಇದು ನಿಜವಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾಗಿದ್ದು, ಆಲ್ಡಿಹೈಡುಗಳನ್ನು ಕುರಿತು ವರ್ಷಾನುಗಟ್ಟಲೆ ಪ್ರಯೋಗ ನಡೆಸಿ, ಅವುಗಳ ಎರಡು ಅಣುಗಳು ಪರಸ್ಪರ ಕೂಡಿ ಆಲ್ಡಿಹೈಡಿನ ಗುಣವನ್ನೂ ಆಲ್ಕೊಹಾಲಿನ ಗುಣವನ್ನೂ ಏಕಕಾಲದಲ್ಲಿ ತಳೆದ ನೂತನ ವಸ್ತುವಾಗುವ ಕ್ರಿಯೆಯನ್ನು, ಫ್ರಾನ್ಸಿನ ವುರ್ಟ್ಸನು ಕಂಡುಕೊಂಡ 1872ರಲ್ಲಿಯೇ, ಸ್ವತಂತ್ರವಾಗಿ ವರದಿ ಮಾಡಿದವನು ಈತ. ಆಲ್ಡಾಲ್ ಕ್ರಿಯೆಯೆಂಬ ಹೆಸರಿನಿಂದ ನಮ್ಮ ಕಾಲೇಜು ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಿರುವುದು ಅದನ್ನೇ. ಅದೇ ವರ್ಷ ಅಲ್ಲಿ ಸ್ತ್ರೀಯರಿಗಾಗಿ ವೈದ್ಯಶಿಕ್ಷಣ ಆರಂಭವಾದಾಗ ಅದಕ್ಕಾಗಿ ದುಡಿದವರಲ್ಲಿಯೂ ಈತ ಪ್ರಮುಖ. ನನ್ನ ದೃಷ್ಟಿಯಲ್ಲಿ ಇದು ಆತನ ಯಾವ ಕೃತಿಗೂ ಕಡಮೆಯಾದುದಲ್ಲ. ಇಂಥವನ ಮೊದಲನೆಯ ಸಿಂಫನಿ 1869ರಲ್ಲಿ ಬಾಲಕಿರೆವನ ನಿರ್ದೇಶನದಲ್ಲಿ ಸಭೆಯ ಮುಂದೆ ನುಡಿಯಿತು. 1881ರಲ್ಲಿ ರಚಿಸಿ ಪತ್ನಿಗೆ ಅರ್ಪಿಸಿದ ಎರಡನೆಯ ತಂತೀಚತುಷ್ಟಯವನ್ನು ಜಗತ್ತಿನ ವಾದಕರು ಇನ್ನೂ ಆದರದಿಂದ ನುಡಿಸುತ್ತಿದ್ದಾರೆ.

ಹಾಗಾದರೆ ಪ್ರತಿಭೆಯೊಂದಿದ್ದರೆ ಕಾಲವು ತಾನಾಗಿ ಒದಗುವುದೋ? ಒದಗುವುದೆಂಬ ನಂಬಿಕೆ ಮೊದಲನೆಯದಕ್ಕಿಂತ ಹೆಚ್ಚು ಹಾನಿಕರವಾದುದು. ಬೊರೊಡಿನನು ‘ಪ್ರಿನ್ಸ್ ಈಗೊರ್’ ಎಂಬ ಗೀತನಾಟಕವನ್ನು 1869ರಲ್ಲಿ ತೊಡಗಿದನು; 18 ವರ್ಷಗಳ ತರುವಾಯ ಆತ ತೀರಿಕೊಂಡಾಗ ಅದು ಅಪೂರ್ಣವಾಗಿಯೇ ಇದ್ದಿತು. ರಿಮ್‌ಸ್ಕಿ-ಕೊರ್ಸಕೊವ್ ಮತ್ತು ಗ್ಲಾಜುನೊವ್ ಎಂಬ ಮಿತ್ರರು ಅದನ್ನು ಪೂರ್ತಿಗೊಳಿಸಿದ ಮೇಲೆ 1890ರಲ್ಲಿ ರಂಗಕ್ಕೆ ಬಂದಿತು. ಉಪನ್ಯಾಸ, ಪ್ರಯೋಗಶಾಲೆ, ಸಮಿತಿಗಳ ಸಭೆ, ನೆರವು ಬೇಡಿ ಬಂದ ವಿದ್ಯಾರ್ಥಿಗಳು—ಇವೆಲ್ಲಕ್ಕೂ ಸಲ್ಲತಕ್ಕುದನ್ನು ಸಲ್ಲಿಸಿದ ಮೇಲೆ ಸಂಗೀತಕ್ಕೆ ಉಳಿಯುತ್ತಿದ್ದುದು ಬೇಸಗೆಯ ರಜೆ, ಮತ್ತು ಪಾಠಕ್ಕೆ ಹೋಗಲಾರದಷ್ಟು ಅಸ್ವಸ್ಥನಾಗಿ ಮನೆಯಲ್ಲುಳಿದ ದಿನಗಳು. ಆತ ಬೆಲೆ ತೆತ್ತದ್ದು ದಿಟ. ತೆತ್ತದ್ದು ಕೃತಿಗಳ ಸಂಖ್ಯೆಯಲ್ಲಿಯೇ ಹೊರತು ಗುಣದಲ್ಲಿ ಅಲ್ಲ.

ಇನ್ನು, ಸಂಗೀತದಿಂದ ಬುದ್ಧಿ ಹರಿತವಾಗುವುದೆಂದೂ ಐನ್‌ಸ್ಟೈನನ ಪಿಟೀಲೇ ಆತನ ಸಿದ್ಧಾಂತಗಳಿಗೆ ಮೂಲವೆಂದೂ ಹೇಳುವವರಿದ್ದಾರೆ. ಮೊಜಾರ್ಟನ ಸೊನಾಟವನ್ನು 10 ನಿಮಿಷ ಆಲಿಸಿದ ವಿದ್ಯಾರ್ಥಿಗಳಲ್ಲಿ ಕಂಡುಬಂದಿತೆಂದು 1993ರಲ್ಲಿ ಪ್ರಕಟವಾದ ಸುಧಾರಣೆಯಾದರೂ ಒಂದು ಬಗೆಯ ಆಕಾರಕಲ್ಪನೆಗೆ ಮಾತ್ರ ಸಂಬಂಧಿಸಿದುದು, ಕಾಲು ಗಂಟೆಯೊಳಗೆ ಅಳಿದುಹೋದುದು. ಲಾಭಕ್ಕಾಗಿ ನಾದವನ್ನು ಉಪಾಸಿಸುವುದು ನಾದಕ್ಕೆ ಮಾಡುವ ಅಪಚಾರವೆಂದೇ ನನ್ನ ಭಾವನೆ.

ನಮ್ಮ ತುಮಕೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣನವರು ಎಳೆಯ ವಯಸ್ಸಿನಲ್ಲಿ ಕಲಿತ ಪಿಯಾನೋವನ್ನು, 1974ರ ಪೋಖರಣ್ ಪರೀಕ್ಷೆಯಂತಹ ಹೊಣೆಯನ್ನು ಹೊತ್ತ ಜೀವಿತದಲ್ಲಿಯೂ ಕೈಬಿಡಲಿಲ್ಲ. ರಾಗಪದ್ಧತಿ ಮತ್ತು ಪಾಶ್ಚಾತ್ಯ ಪದ್ಧತಿಗಳ ರಚನೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಪರಮಾಣು ಭೌತಶಾಸ್ತ್ರದಲ್ಲಿ ಅವರಿಗಿದ್ದ ಅಧಿಕಾರವು ಪಿಯಾನೋವಿನಿಂದ ಬಂದುದಲ್ಲ, ಅದರಿಂದ ಕುಗ್ಗಲೂ ಇಲ್ಲ.

ಪ್ರಯೋಗಶಾಲೆಯಲ್ಲಿ ದುಡಿಯುತ್ತಿರುವ ತರುಣರೇ, ಬೊರೊಡಿನನಂತೆ ರಜೆಯನ್ನೂ ಕಾಯಿಲೆಯನ್ನೂ ಕಾದು ಕೂರಬೇಡಿರಿ. ಗುರುವೊಬ್ಬರನ್ನು ಆಶ್ರಯಿಸಿ, ದಿನದಲ್ಲೊಂದು ಹೊತ್ತನ್ನು ಗೊತ್ತುಮಾಡಿಕೊಂಡು, ಅದನ್ನು ಯಾವ ಸಭೆಗೂ ಬಿಟ್ಟುಕೊಡದಿರಿ.