ಅಟ್ಟದ ಮೇಲಿನ ಗರ್ನಾಲು

ದೀಪಾವಳಿ ಮುಗಿದರೂ ಕೃಷಿಕರ ಮನೆಯಲ್ಲಿ ಪಟಾಕಿ ಮುಗಿಯೋದಿಲ್ಲ. ಉಳಿದ ಗರ್ನಾಲು ಅಟ್ಟ ಸೇರುತ್ತೆ. ಮಂಗ ತೆಂಗಿನಮರ ಏರಿದಾಗ, ಹಂದಿ ಗದ್ದೆಗೆ ಇಳಿದಾಗ ಕೆಳಗೆ ಬರುತ್ತೆ. ಪೇಟೆಯವರಿಗೆ ಪಟಾಕಿ ನಾಲ್ಕು ದಿನದ ಅಪಾಯ. ನಮಗೆ ವರ್ಷಪೂರ್ತಿ.

ಅಟ್ಟದ ಕೆಳಗೆ ಒಲೆ, ಪಕ್ಕದಲ್ಲಿ ಬೈಹುಲ್ಲು. ಇದು ಪಟಾಕಿ ಇಡುವ ಜಾಗವೇ? ಮನೆ, ಹಟ್ಟಿ, ಅಡಿಕೆ ಅಂಗಳದಿಂದ ದೂರ, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಬೇಸಿಗೆಯಲ್ಲಿ ತೋಟದ ದರಗಿಗೆ ಒಂದು ಕಿಡಿ ಸಾಕು.

ಕೈಯಲ್ಲಿ ಹಿಡಿದು ಹಚ್ಚಿ ಎಸೆಯುವ ಅಭ್ಯಾಸ ಬಿಟ್ಟುಬಿಡಿ. ಬತ್ತಿ ಎಷ್ಟು ಬೇಗ ಉರಿದೀತು ಅಂತ ಹೇಳಲಾಗದು. ಠುಸ್ಸೆಂದದ್ದನ್ನು ಬಗ್ಗಿ ನೋಡಬೇಡಿ. ಅರ್ಧ ಗಂಟೆ ಬಿಟ್ಟು, ದೂರದಿಂದಲೇ ನೀರು ಸುರಿಯಿರಿ.

ಕಾರ್ಬೈಡ್ ಪೈಪ್

ಪಿವಿಸಿ ಪೈಪಿಗೆ ಕ್ಯಾಲ್ಸಿಯಂ ಕಾರ್ಬೈಡ್, ನೀರು ಹಾಕಿ ಕಿಡಿ ಕೊಡುವ 'ಕೋವಿ' ಇನ್ನೂ ಕೆಟ್ಟದು. ಒಳಗೆ ಹುಟ್ಟುವುದು ಅಸಿಟಿಲೀನ್ ಅನಿಲ. ಯಾಕೆ ಸಿಡಿಯಲಿಲ್ಲ ಅಂತ ಇಣುಕಿದವರ ಕಣ್ಣಿಗೇ ಪೆಟ್ಟು. 2025ರ ದೀಪಾವಳಿಯಲ್ಲಿ ಭೋಪಾಲದ ಸುತ್ತಮುತ್ತ ಅನೇಕ ಮಕ್ಕಳು ಕಣ್ಣಿಗೆ ಗಾಯ ಮಾಡಿಕೊಂಡದ್ದು ಇದರಿಂದಲೇ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ನೀರು ಹಾಯಿಸುತ್ತಲೇ ಆಸ್ಪತ್ರೆಗೆ ಹೊರಡಿ. ಮೈಸುಟ್ಟರೆ 20 ನಿಮಿಷ ತಣ್ಣೀರು. ಪೇಸ್ಟು, ಶಾಯಿ ಬೇಡ.

ಕಾನೂನು ಏನನ್ನುತ್ತೆ?

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿ ಸಿಡಿಸುವಂತಿಲ್ಲ. ಹಂದಿ ಬರೋದೇ ಆ ಹೊತ್ತಿಗೆ, ನಿಜ. ಆದರೆ ಶಬ್ದಮಾಲಿನ್ಯ ನಿಯಮದಲ್ಲಿ ಬೆಳೆ ಕಾಯುವವರಿಗೆ ವಿನಾಯಿತಿ ಇಲ್ಲ. ದೀಪಾವಳಿ ದಿನ ರಾತ್ರಿ 8ರಿಂದ 10 ಮಾತ್ರ, ಸರಪಟಾಕಿ ಕೂಡದು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಸ್ಫೋಟಕದ ಬಗ್ಗೆ ಅಜಾಗ್ರತೆ ತೋರಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 288ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಂದಿಗೆಂದು ಹಣ್ಣು-ಕಾಯಿಯೊಳಗೆ ಮದ್ದು ತುಂಬುವುದಂತೂ ಬೇಟೆಯೇ. ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತೆ. 2020ರ ಮೇಯಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಇಂಥದ್ದನ್ನು ಕಚ್ಚಿ ಬಾಯಿ ಛಿದ್ರವಾಗಿ ಸತ್ತದ್ದು ಗಬ್ಬದ ಆನೆ. ಮೇಯಲು ಬಿಟ್ಟ ನಮ್ಮದೇ ದನ ಕಚ್ಚಿದರೆ?

ಮಂಗ-ಹಂದಿಗಳ ಕಾಟ ಸಣ್ಣದಲ್ಲ. ಆದರೆ ಸದ್ದಿಗೆ ಅವು ಬೇಗ ಒಗ್ಗಿಬಿಡುತ್ತವೆ, ಆಮೇಲೆ ನಾವು ಇನ್ನೂ ದೊಡ್ಡ ಸದ್ದು ಹುಡುಕುತ್ತೇವೆ. ಅದರ ಬದಲು ಬೇಲಿ ಗಟ್ಟಿಮಾಡೋಣ, ನಾಯಿ ಸಾಕೋಣ, ಕೊಯ್ಲಿನ ಹೊತ್ತಿಗೆ ನೆರೆಯವರ ಜತೆ ಸರದಿಯಲ್ಲಿ ಕಾಯೋಣ. ಹಂದಿ, ಆನೆಯಿಂದ ಬೆಳೆ ಹಾಳಾದರೆ ಫೋಟೋ ತೆಗೆದು, ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.