ಯಂತ್ರ ಬಲ್ಲ ಕಾನೂನು, ವಕೀಲ ಬಲ್ಲ ನೆಲ

ವಕೀಲಿ ವೃತ್ತಿಗೂ ಈಗ ಯಂತ್ರದ ಪೈಪೋಟಿ ಬಂದೊದಗಿದೆ. ಕೃತಕ ಬುದ್ಧಿಮತ್ತೆಯು ನೋಟೀಸು ಬರೆಯುತ್ತದೆ, ಕರಾರು ತಿದ್ದುತ್ತದೆ, ತೀರ್ಪುಗಳ ಸಾರವನ್ನು ಕ್ಷಣಾರ್ಧದಲ್ಲಿ ಒಪ್ಪಿಸುತ್ತದೆ. ಹಾಗಾದರೆ ಕರಿಕೋಟು ತೊಡಲು ಹೊರಟ ತರುಣರ ಗತಿಯೇನು?

ಭಯಪಡುವ ಮುನ್ನ ಯಂತ್ರದ ದೋಷವನ್ನೂ ಅರಿಯಬೇಕು. ಯಂತ್ರವು ಕಲ್ಪಿಸಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ಆಧಾರವಾಗಿ ತೋರಿಸಿದ ವಕೀಲರಿಗೆ ನ್ಯೂಯಾರ್ಕಿನ ನ್ಯಾಯಾಲಯವೊಂದು 2023ರಲ್ಲಿ 5,000 ಡಾಲರ್ ದಂಡ ವಿಧಿಸಿತು. ಇಂಥ ಸಾಧನಗಳಿಂದ ತೀರ್ಪು ನಿರ್ಣಯಿಸಕೂಡದೆಂದು ಕೇರಳ ಹೈಕೋರ್ಟು 2025ರಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಕಟ್ಟಳೆ ಮಾಡಿತು.

ಯಂತ್ರಕ್ಕೆ ಸುಲಭವಾಗಿ ನಿಲುಕದ ವಿಶೇಷ ಕ್ಷೇತ್ರವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಕಂಪ್ಲಿ ತಾಲೂಕಿನ ಎಮ್ಮಿಗನೂರಿನ ಸುತ್ತಣ ಸೀಮೆಯನ್ನೇ ನೋಡಿ. ಈ ಭಾಗ 1953ರವರೆಗೆ ಮದರಾಸಿಗೆ ಸೇರಿತ್ತು. ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ಹೊಳೆಯಾಚೆಯ ಗಂಗಾವತಿ 1956ರವರೆಗೆ ಹೈದರಾಬಾದಿನದು. ಮೂರು ಆಡಳಿತ, ಮೂರು ಬಗೆಯ ಕಡತ! ತಾತನ ಕಾಲದ ಜೀರ್ಣ ಪತ್ರವನ್ನು ಇಂದಿನ ಪಹಣಿಗೆ ಹೊಂದಿಸುವಲ್ಲಿ ತಪ್ಪಿದರೆ ರೈತನ ಗದ್ದೆಯೇ ಕೈಬಿಟ್ಟೀತು.

ಇದಲ್ಲದೆ ತುಂಗಭದ್ರೆಯ ಕಾಲುವೆ ನೀರಿನ ತಕರಾರುಗಳಿವೆ. ಬಳ್ಳಾರಿಯ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆದ ಮೇಲೆ ಗಣಿ ಕಾನೂನೇ ಒಂದು ಶಾಸ್ತ್ರವಾಯಿತು. ಹಂಪಿಯ ಬಳಿಯ ವಿರೂಪಾಪುರ ಗಡ್ಡೆಯ ಅಕ್ರಮ ಕಟ್ಟಡಗಳ ತೆರವನ್ನು ಅದೇ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಸ್ಮಾರಕಗಳ ಕಾನೂನು ಬಲ್ಲವರಿಗೆ ಅಲ್ಲಿ ಕೆಲಸವುಂಟು.

ತರುಣ ವಕೀಲನು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಹತ್ತು ವರ್ಷ ಆಳವಾಗಿ ಅಗೆಯಲಿ. ಕಡತದೊಡನೆ ಹೊಲದ ಬದುವನ್ನೂ ಕಂಡು ಬರಲಿ. ಯಂತ್ರ ಅವನ ಗುಮಾಸ್ತನಾಗಲಿ. ವಕಾಲತ್ತಿಗೆ ರುಜು ಹಾಕಿ ಹೊಣೆ ಹೊರುವವನು ಮಾತ್ರ ಮನುಷ್ಯನೇ.